ಬಚ್ಚಲ ನೀರು ಎಲ್ಲಿಗೆ ಹೋಯಿತು?

ಪಾತ್ರೆ ತೊಳೆದಿರಿ. ಬಟ್ಟೆ ಒಗೆದಿರಿ. ನೀರು ಮೋರಿಗೆ ಹೋಯಿತು. ಆಮೇಲೆ?

ಹಲಸೂರು, ಇಂದಿರಾನಗರದ ಕೊಳೆನೀರು ಇಳಿಜಾರು ಹಿಡಿದು ಚಲ್ಲಘಟ್ಟ ಕಣಿವೆಗೆ ಇಳಿಯುತ್ತದೆ. ಅಲ್ಲೇ ಬೆಳ್ಳಂದೂರು ಕೆರೆ ಇದೆ. ವರ್ಷಗಟ್ಟಲೆ ಶುದ್ಧ ಮಾಡದ ನೀರು ಆ ಕೆರೆ ಸೇರಿತು. ಸೋಪಿನ ನೊರೆ ಉಬ್ಬಿ ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಕೆರೆಯ ಕಳೆ, ಕಸ ಹೊತ್ತಿ ಉರಿಯಿತು. ಕೆರೆಗೆ ಬೆಂಕಿ! ಅಜ್ಜಿ ಕತೆಯಲ್ಲೂ ನಾವು ಇದನ್ನು ಕೇಳಿರಲಿಲ್ಲ.

ಆದರೆ ಕೊಳೆನೀರಿನಲ್ಲಿ ನಮಗೆ ಬೇಕಾದದ್ದೂ ಇದೆ. ಅದನ್ನು ಬೇರೆ ಮಾಡಿಕೊಡುವುದು ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಉಬ್ಬುತ್ತದಲ್ಲ? ಅದೂ ಇಂಥ ಜೀವಿಗಳ ಕೆಲಸವೇ.

ಚಲ್ಲಘಟ್ಟ ಕಣಿವೆಯಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕ ಇದೆ. ಇಂಥ ಘಟಕದಲ್ಲಿ ಮೊದಲು ಜಾಲರಿ ಹಾಕಿ ಬಟ್ಟೆ, ಪ್ಲಾಸ್ಟಿಕ್ ತಡೆಯುತ್ತಾರೆ. ಆಮೇಲೆ ತೊಟ್ಟಿಯ ನೀರಿಗೆ ಗಾಳಿ ಊದುತ್ತಾರೆ. ಗಾಳಿ ಸಿಕ್ಕ ಜೀವಿಗಳು ಕೊಳೆ ತಿಂದು ಹೆಚ್ಚುತ್ತವೆ. ಕೊನೆಗೆ ರಾಡಿಯಾಗಿ ತಳಕ್ಕೆ ಕೂರುತ್ತವೆ. ಮೇಲೆ ತಿಳಿನೀರು ನಿಲ್ಲುತ್ತದೆ.

ಆ ರಾಡಿಯನ್ನು ಗಾಳಿ ಆಡದ ತೊಟ್ಟಿಯಲ್ಲಿ ಮುಚ್ಚಿಟ್ಟರೆ ಬೇರೆ ಜಾತಿಯ ಜೀವಿಗಳು ಅದನ್ನು ತಿಂದು ಗ್ಯಾಸ್ ಬಿಡುತ್ತವೆ. ಹಳ್ಳಿಯ ಗೋಬರ್ ಗ್ಯಾಸ್ ಇದ್ದಂತೆಯೇ. ಅದರಿಂದ ಎಂಜಿನ್ ಓಡಿಸಿ ಕರೆಂಟ್ ತೆಗೆಯಬಹುದು. ಉಳಿದ ರಾಡಿ ಒಣಗಿದರೆ ಗೊಬ್ಬರ. ಕಾರ್ಖಾನೆಯ ವಿಷ ಸೇರಿದ್ದರೆ ಮಾತ್ರ ಹೊಲಕ್ಕೆ ಆಗದು. ಪರೀಕ್ಷೆ ಮಾಡಿಸಿಯೇ ಹಾಕಬೇಕು.

ತಿಳಿನೀರು ಏನಾಯಿತು? ಕೋಲಾರಕ್ಕೆ ಹೋಯಿತು! ಅಲ್ಲಿ ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ಗೆ ನೀರು ಸಿಗದ ಊರುಗಳಿದ್ದವು. 2018ರ ಜೂನ್‌ನಲ್ಲಿ ಪೈಪಿನಲ್ಲಿ ಹರಿದ ನೀರು ಲಕ್ಷ್ಮೀಸಾಗರ ಕೆರೆ ಸೇರಿತು. ಅಲ್ಲಿಂದ ಕೆರೆಯಿಂದ ಕೆರೆಗೆ ಹೋಯಿತು. ಇದು ಕುಡಿಯುವ ನೀರಲ್ಲ. ನೆಲಕ್ಕೆ ಇಂಗಲಿ, ಬೋರ್‌ವೆಲ್‌ಗೆ ಜೀವ ಬರಲಿ ಅಂತ ಬಿಟ್ಟದ್ದು.

ಮರುತಿಂಗಳೇ ಅಲ್ಲೂ ನೊರೆ ಕಂಡಿತು. ಜನ ಹೆದರಿದರು. ಹೈಕೋರ್ಟ್ ತಡೆ ಕೊಟ್ಟಿತು, ನೀರು ಕೆಲಕಾಲ ನಿಂತಿತು. ಅವರು ಹೆದರಿದ್ದು ತಪ್ಪಲ್ಲ. ದನಕರು ಕುಡಿಯುವುದು ಅದೇ ಕೆರೆಯಲ್ಲಿ. ಇನ್ನೊಂದು ಹಂತ ಶುದ್ಧ ಮಾಡಿ ಕಳಿಸಿ ಎಂದು ಕೋಲಾರದವರು ಕೇಳುತ್ತಲೇ ಬಂದಿದ್ದಾರೆ.

ನಮ್ಮ ಮನೆಯಲ್ಲೂ ಒಂದು ಕೆಲಸ ಇದೆ. ಕರಿದ ಎಣ್ಣೆ ಸುರಿದರೆ ಪೈಪಿನಲ್ಲಿ ಗಟ್ಟಿಯಾಗುತ್ತದೆ. ಮುಟ್ಟಿನ ಬಟ್ಟೆ, ಪ್ಯಾಡು ಕಕ್ಕಸಿಗೆ ಹಾಕಿದರೆ ಮೋರಿ ಕಟ್ಟಿಕೊಳ್ಳುತ್ತದೆ. ಆಗ ಮ್ಯಾನ್‌ಹೋಲಿಗೆ ಯಾರನ್ನಾದರೂ ಇಳಿಸುತ್ತಾರೆ. ಒಳಗೆ ಕೊಳೆಯ ವಿಷಗಾಳಿ. ಉಸಿರು ಕಟ್ಟಿ ಎಷ್ಟೋ ಜನ ಸತ್ತಿದ್ದಾರೆ. ರಕ್ಷಣೆ ಇಲ್ಲದೆ ಹಾಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ನಿಮ್ಮ ಬೀದಿಯಲ್ಲಿ ಮೋರಿ ಕಟ್ಟಿದರೆ ಜಲಮಂಡಳಿಯ 1916 ನಂಬರಿಗೆ ಫೋನ್ ಮಾಡಿ. ಆಳನ್ನಲ್ಲ, ಮೆಷಿನ್ ಗಾಡಿ ಕಳಿಸಿ ಎಂದು ಹೇಳಿ.