ಕುಣಿಯುವ ಚಕ್ರಕ್ಕೆ ಮೊದಲ ಮದ್ದು

ಮಂಗಲ್ಪಾಡಿಯ ಮಳೆಗಾಲದ ಒದ್ದೆ ರಸ್ತೆಯಲ್ಲಿ, ಶಕ್ತಿ ಹೆಚ್ಚಿಸಲು ಎಂಜಿನ್ ರೀಮ್ಯಾಪ್ ಮಾಡಿಸಿದ ಪೋಲೊ ಜಿಟಿ ಟಿಎಸ್‌ಐಯಂಥ ಟರ್ಬೊ ಕಾರಿನ ಆಕ್ಸಿಲರೇಟರ್ ಒತ್ತಿದಾಗ ಮುಂದಿನ ಚಕ್ರಗಳು ದಡದಡ ಕುಣಿದರೆ, ಹೆಚ್ಚಿನವರು ದೂರುವುದು ಹೆಚ್ಚಿದ ಶಕ್ತಿಯನ್ನು. ನನ್ನ ಗುಮಾನಿ ರಬ್ಬರಿನ ಮೇಲೆ. ಟಯರ್ ಜಾರಿ ಮತ್ತೆ ನೆಲ ಕಚ್ಚುವಾಗ ಎಂಜಿನ್ ಮೌಂಟ್, ಕಂಟ್ರೋಲ್ ಆರ್ಮ್‌ಗಳ ರಬ್ಬರ್ ಬುಶ್‌ಗಳು ಸ್ಪ್ರಿಂಗಿನಂತೆ ತಿರುಚಿ ಬಿಚ್ಚಿಕೊಳ್ಳುತ್ತವೆ. ಏಟು ತಿನ್ನುವುದು ಮಾತ್ರ ಡ್ರೈವ್‌ಶಾಫ್ಟ್. ಹಾಗಾಗಿ ಮೊದಲು ಸವೆದ ಬುಶ್ ಬದಲಿಸಿ, ಕೆಳಗಿನ ಟಾರ್ಕ್ ಮೌಂಟಿಗೆ ಪಾಲಿಯುರಿಥೇನ್ ಇನ್ಸರ್ಟ್ ಹಾಕಿಸಿ. ಒಳ್ಳೆಯ ಟಯರ್ ಅಂತೂ ಬೇಕೇ ಬೇಕು. ಗಟ್ಟಿ ಮೌಂಟಿನಿಂದ ಕ್ಯಾಬಿನ್ನಿನೊಳಗೆ ನಡುಕ ಹೆಚ್ಚುತ್ತದಲ್ಲ ಎಂಬ ಆಕ್ಷೇಪ ಸರಿಯೇ. ಅದಕ್ಕೇ ರೇಸಿನವರ ಗಡಸು ಬೇಡ, ಮಧ್ಯಮ ಸಾಕು. ಟ್ರ್ಯಾಕ್ಷನ್ ಕಂಟ್ರೋಲ್ ಇದೆಯಲ್ಲ ಎನ್ನುವಿರಾ? ಅದು ಎಚ್ಚರಗೊಳ್ಳುವುದೇ ಚಕ್ರ ಜಾರಿದ ಮೇಲೆ, ಸಡಿಲ ಬುಶ್ಶನ್ನು ಅದು ಬಿಗಿ ಮಾಡದು. ರಿಪೇರಿ ಆಗುವವರೆಗೆ, ಚಕ್ರ ಕುಣಿಯತೊಡಗಿದ ಕ್ಷಣವೇ ಕಾಲೆತ್ತಿಬಿಡಿ.