ಯಕೋಬನ ಕಲ್ಲುದಿಂಬು: ಮೊದಲ ಕೆಲಸಕ್ಕೆ ಹೊರಟವರಿಗೊಂದು ಪಾಠ



ಪ್ರತಿ ವರ್ಷ ಜೂನ್, ಜುಲೈ ಬಂತೆಂದರೆ ನಮ್ಮ ಪೀಣ್ಯ ಕಡೆಯ ದೇವಾಲಯದ ಹಿಂದಿನ ಬೆಂಚುಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಐಟಿಐ ಮುಗಿಸಿದವರು, ಡಿಪ್ಲೊಮಾ ಮುಗಿಸಿದವರು, ಹೊಲಿಗೆ ಕಲಿತು ಗಾರ್ಮೆಂಟ್ಸ್‌ಗೆ ಸೇರಿದ ಹೆಣ್ಣುಮಕ್ಕಳು. ಒಬ್ಬರು ಹಾಸನದ ಕಡೆಯವರು, ಒಬ್ಬರು ಕೊಳ್ಳೇಗಾಲದವರು, ಇನ್ನೊಬ್ಬರು ಚಿಕ್ಕಮಗಳೂರಿನ ತೋಟದ ಲೈನಿನಿಂದ ಬಂದವರು. ಬಲಿಪೂಜೆಯ ಕೊನೆಯ ಆಶೀರ್ವಾದಕ್ಕೂ ನಿಲ್ಲದೆ ಹೊರಟುಬಿಡುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ತಿಳಿಯಿತು: ಕೆಲವರಿಗೆ ಶಿಫ್ಟಿಗೆ ಹೊತ್ತಾಗಿರುತ್ತದೆ. ಉಳಿದವರಿಗೆ ದೇವಾಲಯದ ಮುಂದೆ ನಿಂತು ಮಾತಾಡಲು ಪರಿಚಯದವರು ಒಬ್ಬರೂ ಇರುವುದಿಲ್ಲ.

ಹೀಗೆ ಬಂದವರಲ್ಲಿ ನೀವು ಮೊದಲಿಗರಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ಬೆಳೆಯತೊಡಗಿದಾಗಿನಿಂದ ಹಳ್ಳಿಯ ಮಕ್ಕಳು ಇಲ್ಲಿಗೆ ಬರುತ್ತಲೇ ಇದ್ದಾರೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೊಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. 1882ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ಊರಾಗಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ನಂತರ ಗಾಜಿನ ಕಟ್ಟಡಗಳು ಎದ್ದವು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಗಣಿ ಕಾರ್ಮಿಕರ ಮಕ್ಕಳು ಮಾರಿಕುಪ್ಪಂ ರೈಲು ಹತ್ತಿ ವೈಟ್‌ಫೀಲ್ಡ್‌ಗೂ ಬೆಂಗಳೂರಿಗೂ ಕೆಲಸಕ್ಕೆ ಬಂದರು. ಈಗ ಮೆಟ್ರೋ ಕೂಡ ಬಂದಿದೆ: ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ 2025ರಲ್ಲಿ. ದಾರಿ ಹತ್ತಿರವಾಯಿತು. ಆದರೆ ತಾಯಿಯ ಅಡುಗೆಮನೆಗೂ ಪೀಜಿಯ ಮಂಚಕ್ಕೂ ನಡುವಿನ ದೂರ ಮಾತ್ರ ಹಾಗೆಯೇ ಉಳಿದಿದೆ.

ನನ್ನ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಮಲೆನಾಡಿನ ಒಬ್ಬ ಹುಡುಗ ವಾರದ ದಿನಗಳಲ್ಲೂ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ದೇವಾಲಯಕ್ಕೆ ಬಂದು ಕೂರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಊಟದ ಡಬ್ಬಿ. "ಒಳ್ಳೆಯ ಹುಡುಗ, ಭಕ್ತಿವಂತ" ಎಂದುಕೊಂಡೆ. ಎರಡು ಬಾರಿ ಬೆನ್ನು ತಟ್ಟಿ ನನ್ನ ಕೆಲಸಕ್ಕೆ ಹೋದೆ. ಏಕೆ ಬಂದಿದ್ದೀಯ ಎಂದು ಕೇಳಲಿಲ್ಲ.

ಕೇಳಿದವರು ನಮ್ಮ ಆವರಣ ಗುಡಿಸುವ ಅಮ್ಮ. ಒಂದು ಮಧ್ಯಾಹ್ನ ಪೊರಕೆ ಬದಿಗಿಟ್ಟು, "ಊಟ ಆಯ್ತಾ ಕಂದಾ?" ಎಂದರಂತೆ. ಹುಡುಗ ಬಿಕ್ಕಿಬಿಕ್ಕಿ ಅತ್ತುಬಿಟ್ಟ. ಡಬ್ಬಿಯಲ್ಲಿ ಊಟವಿರಲಿಲ್ಲ. ಕಾಂಟ್ರಾಕ್ಟರ್ ಮೂಲಕ ಸೇರಿದ್ದ ಕೆಲಸ ಎಂಟೇ ತಿಂಗಳಿಗೆ ಹೋಗಿತ್ತು. ಮನೆಗೆ ಹೇಳಲು ನಾಚಿಕೆ. ಮೂರು ತಿಂಗಳಿಂದ ರೂಮಿನವರಿಗೆ ಕಾಣಲೆಂದು ಡಬ್ಬಿ ಹಿಡಿದು ಹೊರಡುತ್ತಿದ್ದ. ಮೊಬೈಲಿನ ಸಾಲದ ಆ್ಯಪ್‌ಗಳಿಂದ ಹಣ ತೆಗೆದು ಸಂಬಳವೆಂದು ಅಪ್ಪನಿಗೆ ಕಳುಹಿಸುತ್ತಿದ್ದ. ಸಾಲದವರ ಫೋನು ಬರತೊಡಗಿತ್ತು. "ಇನ್ನು ಬದುಕುವುದು ಬೇಡ ಅಂತಲೂ ಅನ್ನಿಸಿತ್ತು ಫಾದರ್," ಎಂದು ಅವನೇ ನನಗೆ ಹೇಳಿದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗುರುಮಠದಲ್ಲಿ ಮೂರು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ ಓದಿದ ನನಗೆ ತೋಚದ ಒಂದು ಪ್ರಶ್ನೆ ಆ ಅಮ್ಮನಿಗೆ ತೋಚಿತ್ತು. ಮರುದಿನ ಅವನ ತಂದೆಗೆ ಫೋನು ಮಾಡಿದೆವು. ಆ ತಂದೆ ಬೈಯಲಿಲ್ಲ. "ಮೊದಲು ಊಟ ಹಾಕಿಸಿ ಫಾದರ್, ನಾಳೆ ಬಸ್ಸಿಗೆ ಬರ್ತೀನಿ" ಎಂದರು. ಮೂರು ತಿಂಗಳು ಹೆದರಿದ್ದು ಈ ಒಂದು ಮಾತಿಗೆ. ಇಂದು ಆ ಹುಡುಗ ಬೇರೆ ಕಡೆ ಕೆಲಸದಲ್ಲಿದ್ದಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮನೆ ಬಿಟ್ಟ ಮೊದಲ ರಾತ್ರಿ

ಆದಿಕಾಂಡದ 28ನೆಯ ಅಧ್ಯಾಯವನ್ನು ಈ ವಾರ ಓದಿ. ಯಕೋಬ ಮೊದಲ ಬಾರಿಗೆ ಮನೆ ಬಿಟ್ಟು ಹೊರಟಿದ್ದಾನೆ. ಬೇರ್ಷೆಬದಿಂದ ಹಾರಾನಿಗೆ ದೀರ್ಘ ಪ್ರಯಾಣ. ಹೊರಟದ್ದೂ ಗೌರವದಿಂದಲ್ಲ, ಅಣ್ಣನಿಗೆ ಮೋಸಮಾಡಿ, ಅವನ ಕೋಪಕ್ಕೆ ಹೆದರಿ. ದಾರಿಯಲ್ಲಿ ಹೊತ್ತು ಮುಳುಗುತ್ತದೆ. ಒಂದು ಕಲ್ಲನ್ನು ತಲೆದಿಂಬು ಮಾಡಿಕೊಂಡು ಬಯಲಲ್ಲೇ ಮಲಗುತ್ತಾನೆ. ಕನಸಿನಲ್ಲಿ ಭೂಮಿಯಿಂದ ಆಕಾಶಕ್ಕೆ ಮುಟ್ಟುವ ಏಣಿ, ಅದರ ಮೇಲೆ ಹತ್ತಿ ಇಳಿಯುವ ದೇವದೂತರು. ನೀನು ಹೋದಲ್ಲೆಲ್ಲ ನಿನ್ನೊಂದಿಗಿದ್ದು ಕಾಪಾಡುತ್ತೇನೆ, ಈ ನಾಡಿಗೆ ಮರಳಿ ಕರೆತರುತ್ತೇನೆ ಎಂದು ದೇವರು ಮಾತು ಕೊಡುತ್ತಾರೆ. ಎಚ್ಚೆತ್ತ ಯಕೋಬ ನಡುಗುತ್ತಾನೆ: ದೇವರು ಈ ಸ್ಥಳದಲ್ಲೂ ಇದ್ದಾರೆ, ನನಗೆ ಗೊತ್ತೇ ಇರಲಿಲ್ಲವಲ್ಲ!

ಗಮನಿಸಿ, ಯಕೋಬ ಆ ರಾತ್ರಿ ಪ್ರಾರ್ಥಿಸಿದನೆಂದು ಶ್ರೀಗ್ರಂಥ ಹೇಳುವುದಿಲ್ಲ. ದೇವರೇ ಅವನನ್ನು ಹುಡುಕಿಕೊಂಡು ಬಂದರು. ಅವನು ದೇವರನ್ನು ತಂದೆಯ ಗುಡಾರದಲ್ಲೇ ಬಿಟ್ಟುಬಂದೆ ಎಂದುಕೊಂಡಿದ್ದಿರಬೇಕು. ನಮ್ಮಲ್ಲೂ ಎಷ್ಟೋ ಮಂದಿಯ ಎಣಿಕೆ ಹಾಗೆಯೇ: ದೇವರು ಊರಿನ ದೇವಾಲಯದಲ್ಲಿ, ಅಜ್ಜಿಯ ಜಪಸರದಲ್ಲಿ, ಹಬ್ಬದ ತೇರಿನಲ್ಲಿ ಇದ್ದಾರೆ, ಲಗ್ಗೆರೆಯ ಈ ಶೀಟಿನ ಮನೆಯಲ್ಲಿ, ಬೊಮ್ಮಸಂದ್ರದ ಈ ಮೆಷಿನ್ ಮುಂದೆ ಎಲ್ಲಿಂದ ಬರಬೇಕು? ಬೇತೇಲಿನ ಉತ್ತರ ಒಂದೇ. ನೀವು ತಲುಪುವ ಮುಂಚೆಯೇ ದೇವರು ಅಲ್ಲಿದ್ದಾರೆ.

ಲಾಬಾನನ ಕೂಲಿ

ಆದರೆ ಕಥೆ ಏಣಿಯಲ್ಲೇ ಮುಗಿಯುವುದಿಲ್ಲ. ಹಾರಾನಿನಲ್ಲಿ ಯಕೋಬ ಸೋದರಮಾವ ಲಾಬಾನನ ಬಳಿ ಕೆಲಸಕ್ಕೆ ಸೇರುತ್ತಾನೆ. ಹಗಲು ಬಿಸಿಲು, ರಾತ್ರಿ ಚಳಿ, ಕಣ್ಣಿಗೆ ನಿದ್ದೆಯಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ (ಆದಿಕಾಂಡ 31:40). ನೈಟ್ ಶಿಫ್ಟ್ ಮಾಡಿದವರಿಗೆ ಈ ಮಾತು ಅರ್ಥವಾಗುತ್ತದೆ. ರಾಖೇಲಳಿಗಾಗಿ ಏಳು ವರ್ಷ ದುಡಿದರೆ ಲೇಯಾಳನ್ನು ಕೊಟ್ಟು ಇನ್ನೂ ಏಳು ವರ್ಷ ದುಡಿಸಿಕೊಂಡ. ಕೂಲಿಯನ್ನು ಹತ್ತು ಸಲ ಬದಲಾಯಿಸಿದ. ದೇವರು ಜೊತೆಗಿದ್ದಾರೆ ಎಂದರೆ ಯಾರೂ ಮೋಸಮಾಡುವುದಿಲ್ಲ ಎಂದರ್ಥವಲ್ಲ. ಮೋಸಕ್ಕೆ ಸಿಕ್ಕಾಗಲೂ ದೇವರು ಕೈಬಿಡುವುದಿಲ್ಲ ಎಂದರ್ಥ.

ಸಂತ ಥಾಮಸ್ ಅಕ್ವಿನಾಸರು ಸ್ಥೈರ್ಯವೆಂಬ ಸದ್ಗುಣದ ಬಗ್ಗೆ ಬೋಧಿಸುವಾಗ, ಎರಗುವುದಕ್ಕಿಂತ ತಾಳಿಕೊಂಡು ನಿಲ್ಲುವುದೇ ಅದರ ಮುಖ್ಯ ಕಾರ್ಯ ಎನ್ನುತ್ತಾರೆ. ತಾಳ್ಮೆ ಎಂದರೆ ಬಾಯಿಮುಚ್ಚಿಕೊಂಡಿರುವುದೇ? ಅಲ್ಲ. ಯಕೋಬ ಲಾಬಾನನ ಮುಖಕ್ಕೇ ತನ್ನ ಇಪ್ಪತ್ತು ವರ್ಷದ ಲೆಕ್ಕ ಹೇಳಿದ. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋರವರು 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ, ಕಾರ್ಮಿಕನು ಒಪ್ಪಿಕೊಂಡಿದ್ದಾನೆ ಎಂಬ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗುವುದಿಲ್ಲ ಎಂದು ಬೋಧಿಸಿದರು. 1981ರಲ್ಲಿ ಸಂತ ಎರಡನೇ ಜಾನ್ ಪಾಲರು, ಕೆಲಸ ಮನುಷ್ಯನಿಗಾಗಿಯೇ ಹೊರತು ಮನುಷ್ಯ ಕೆಲಸಕ್ಕಾಗಿ ಅಲ್ಲ ಎಂದು ವಿವರಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೇ ಲಿಯೋರವರು, ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ದುಡಿಮೆಯ ಘನತೆಯನ್ನು ಕಾಯಬೇಕಾಗಿದೆ ಎಂದು ನೆನೆದೇ ಆ ಹೆಸರನ್ನು ಆರಿಸಿಕೊಂಡರು.

ಆದ್ದರಿಂದ ನೇಮಕ ಪತ್ರ ಕೇಳಿ ಪಡೆಯುವುದು ದುರಹಂಕಾರವಲ್ಲ. ನಿಮ್ಮ ಪಿಎಫ್ ಖಾತೆಯ ಯುಎಎನ್ ಸಂಖ್ಯೆ ತಿಳಿದುಕೊಳ್ಳಿ. ಸಾಮಾನ್ಯವಾಗಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 12 ನಿಮ್ಮ ಪಾಲು, ಅಷ್ಟೇ ಮಾಲೀಕರ ಪಾಲು. ಅದು ನಿಜವಾಗಿ ಜಮೆಯಾಗುತ್ತಿದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ನೀವು ಇಎಸ್‌ಐಗೆ ಒಳಪಟ್ಟಿದ್ದರೆ ಕಾರ್ಡು ಮಾಡಿಸಿಕೊಳ್ಳಿ. ಪಿಎಫ್ ಎಂದರೆ ವಯಸ್ಸಾದವರ ವಿಷಯ ಎನ್ನಬೇಡಿ. 2016ರ ಏಪ್ರಿಲ್‌ನಲ್ಲಿ, 58 ವರ್ಷದವರೆಗೆ ಮಾಲೀಕರ ಪಾಲನ್ನು ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಬೀದಿಗಿಳಿದವರು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಎರಡನೇ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ದಿನಗಳಲ್ಲಿ ಕಲ್ಲುತೂರಾಟವೂ ಬೆಂಕಿಯೂ ಆದವು. ಅದನ್ನು ನಾವು ಒಪ್ಪಲಾರೆವು. ಆದರೆ ಬೆವರಿನ ಹಣ ಎಷ್ಟು ಮುಖ್ಯವೆಂದು ಆ ತಾಯಂದಿರು ಊರಿಗೆಲ್ಲ ತಿಳಿಸಿದರು.

ರೆಬೆಕ್ಕಳ 'ಕೆಲವು ದಿನ'

ಮಗನನ್ನು ಕಳುಹಿಸುವಾಗ ರೆಬೆಕ್ಕ ಅಂದದ್ದು, ಅಣ್ಣನ ಕೋಪ ಇಳಿಯುವವರೆಗೆ ಕೆಲವು ದಿನ ಅಲ್ಲಿರು ಎಂದು. ಆ ಕೆಲವು ದಿನ ಇಪ್ಪತ್ತು ವರ್ಷವಾಯಿತು. ಯಕೋಬ ಮರಳಿ ತಂದೆಯ ಬಳಿಗೆ ಬಂದದ್ದನ್ನು ಶ್ರೀಗ್ರಂಥ ಹೇಳುತ್ತದೆ. ತಾಯಿ ಅವನನ್ನು ಮತ್ತೆ ಕಂಡಳೆಂದು ಎಲ್ಲೂ ಹೇಳುವುದಿಲ್ಲ.

ಮಕ್ಕಳೇ, ಮನೆಗೆ ಹಣದ ಜೊತೆ ಸತ್ಯವನ್ನೂ ಕಳುಹಿಸಿ. ಕೆಲಸ ಹೋದರೆ ಹೋಯಿತು ಎನ್ನಿ. ಕೆಲಸ ಹೋಗುವುದು ಪಾಪವಲ್ಲ. ಎಲೆಕ್ಟ್ರಾನಿಕ್ ಸಿಟಿಯ ಇಂಜಿನಿಯರಿಗೂ ಪೀಣ್ಯದ ಲೇತ್ ಹುಡುಗನಿಗೂ ಅದು ಆಗಬಹುದು. ಬಚ್ಚಿಟ್ಟ ಕಷ್ಟ ಸಾಲದಂತೆ, ದಿನೇ ದಿನೇ ಬಡ್ಡಿ ಬೆಳೆಯುತ್ತದೆ. ಬದುಕೇ ಬೇಡವೆನಿಸಿದರೆ ಆ ಹೊತ್ತಿನಲ್ಲಿ ಒಬ್ಬರೇ ಇರಬೇಡಿ. ಮನೆಗೆ, ಗೆಳೆಯರಿಗೆ, ಗುರುಗಳಿಗೆ ಫೋನು ಮಾಡಿ. 14416 ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡಬಹುದು.

ತಂದೆತಾಯಂದಿರೇ, ನಿಮಗೂ ಒಂದು ಮಾತು. ಫೋನಿನಲ್ಲಿ ಮೊದಲ ಪ್ರಶ್ನೆ "ಸಂಬಳ ಬಂತಾ?" ಆಗದಿರಲಿ, "ಊಟ ಆಯ್ತಾ?" ಎಂದಾಗಲಿ. ತಂಗಿಯ ಮದುವೆ, ಮನೆಯ ಸಾಲ ಎಲ್ಲವನ್ನೂ ಇಪ್ಪತ್ತೊಂದು ವರ್ಷದ ಹೆಗಲ ಮೇಲೆ ಮೊದಲ ತಿಂಗಳೇ ಹೊರಿಸಬೇಡಿ.

ಕಲ್ಲನ್ನು ನಿಲ್ಲಿಸಿ

ಬೆಳಗಾದ ಮೇಲೆ ಯಕೋಬ ಏನು ಮಾಡಿದ? ತಲೆದಿಂಬಾಗಿದ್ದ ಅದೇ ಕಲ್ಲನ್ನು ನೆಟ್ಟು, ಎಣ್ಣೆ ಹೊಯ್ದು, ಆ ಸ್ಥಳಕ್ಕೆ ಬೇತೇಲ್, ಅಂದರೆ ದೇವರ ಮನೆ, ಎಂದು ಹೆಸರಿಟ್ಟ. ತನಗೆ ಬರುವುದರಲ್ಲಿ ಹತ್ತನೇ ಒಂದು ಪಾಲು ಕೊಡುವೆನೆಂದು ಹರಕೆ ಹೊತ್ತ. ನೀವೂ ಹಾಗೆ ಮಾಡಬಹುದು.

ಮೊದಲನೆಯದಾಗಿ, ಬಂದ ಮೊದಲ ವಾರವೇ ಹತ್ತಿರದ ದೇವಾಲಯವನ್ನೂ ಪೂಜೆಯ ಹೊತ್ತನ್ನೂ ತಿಳಿದುಕೊಳ್ಳಿ. ಭಾನುವಾರ ಶಿಫ್ಟ್ ಇದ್ದರೆ ಶನಿವಾರ ಸಂಜೆಯ ಪೂಜೆ ಎಲ್ಲಿದೆಯೆಂದು ವಿಚಾರಿಸಿ.

ಎರಡನೆಯದಾಗಿ, ನಿಮ್ಮ ಹೆಸರು ಗೊತ್ತಿರುವವರು ಒಬ್ಬರಾದರೂ ಅಲ್ಲಿರಲಿ. ಪೂಜೆಯಾದ ಮೇಲೆ ಐದು ನಿಮಿಷ ನಿಲ್ಲಿ. ನಾವು ಗುರುಗಳು ಮರೆತರೆ ನೀವೇ ಬಂದು ಹೇಳಿ: "ಫಾದರ್, ನಾನು ಹೊಸಬ."

ಮೂರನೆಯದಾಗಿ, ಒಂಟಿಯಾಗಿರಬೇಡಿ. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಗುರುಮಠದಿಂದ ರಜೆಗೆ ಬಂದಾಗ, ಕಾರ್ಖಾನೆ ಸೇರಿದ್ದ ತನ್ನ ಹಳೆಯ ಗೆಳೆಯರು ಧರ್ಮಸಭೆಯಿಂದ ದೂರವಾಗಿದ್ದನ್ನು ಕಂಡು ನೊಂದರು. ಮುಂದೆ ಗುರುವಾಗಿ 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಚಳವಳಿಗೆ ರೂಪ ಕೊಟ್ಟರು. ನೋಡು, ವಿಚಾರಿಸು, ಕಾರ್ಯಮಾಡು ಎಂಬುದು ಅವರ ಕ್ರಮ. ನಾಲ್ಕೈದು ಮಂದಿ ಒಂದು ರೂಮಿನಲ್ಲಿ ಸೇರಿ ವಾರದ ಕಷ್ಟಸುಖವನ್ನು ಶುಭಸಂದೇಶದ ಬೆಳಕಿನಲ್ಲಿ ಮಾತಾಡಿದರೂ ಸಾಕು.

ನಾಲ್ಕನೆಯದಾಗಿ, ಮೊದಲ ಸಂಬಳದಿಂದಲೇ ಸ್ವಲ್ಪ ಉಳಿಸಿ, ಸ್ವಲ್ಪ ಕೊಡಿ. ಬೇರೊಬ್ಬ ಹೊಸಬನಿಗೆ ಒಂದು ಊಟ ಕೊಡಿಸಿದರೂ ಅದು ಕಾಣಿಕೆಯೇ.

ಯೇಸುಸ್ವಾಮಿಯವರು ನತಾನಿಯೇಲನೊಡನೆ ಮಾತಾಡುವಾಗ ಯಕೋಬನ ಈ ಏಣಿಯನ್ನೇ ನೆನಪಿಸುತ್ತಾರೆ (ಯೊವಾನ್ನ 1:51). ಏಣಿ ಬೇರೆಯಲ್ಲ, ಕ್ರಿಸ್ತರೇ. ನಜರೇತಿನಂಥ ಹಳ್ಳಿಯಿಂದ ಒಳ್ಳೆಯದು ಬರುವುದುಂಟೇ ಎಂದು ಕೇಳಿದ್ದವನು ಆ ನತಾನಿಯೇಲ. ಬಡಗಿಯಾಗಿ ದುಡಿದ ಆ ಕೈಗಳಿಗೆ ನಿಮ್ಮ ಕೈಯ ಗೆರೆಗಳೂ ಗೊತ್ತು, ನಿಮ್ಮ ಹಳ್ಳಿಯ ಹೆಸರೂ ಗೊತ್ತು.

ಮನೆಯಲ್ಲಿ ಮಾತಾಡಲು

1. ಹೊಸ ಊರಿನಲ್ಲಿ ನನಗೆ ಕಲ್ಲುದಿಂಬಿನಂತೆ ಗಟ್ಟಿಯೆನಿಸಿದ್ದು ಯಾವುದು?
2. ಮನೆಗೆ ಹೇಳದೆ ಬಚ್ಚಿಟ್ಟ ವಿಷಯ ಯಾವುದಾದರೂ ಇದೆಯೇ? ಯಾರಿಗೆ ಹೇಳಬಲ್ಲೆ?
3. ನಮ್ಮ ಧರ್ಮಕೇಂದ್ರದಲ್ಲಿ "ಊಟ ಆಯ್ತಾ?" ಎಂದು ನಾನು ಕೇಳಬೇಕಾದ ಹೊಸಬರು ಯಾರು?

ಪ್ರಾರ್ಥನೆ: ಯಕೋಬನ ದೇವರೇ, ಮನೆ ಬಿಟ್ಟು ಬಂದ ಮಕ್ಕಳ ಜೊತೆಗಿರಿ. ಅವರಿಗೆ ಅನ್ನವನ್ನೂ ಬಟ್ಟೆಯನ್ನೂ ನ್ಯಾಯವಾದ ಕೂಲಿಯನ್ನೂ ಕೊಡಿ. ಕಷ್ಟವನ್ನು ಹೇಳಿಕೊಳ್ಳುವ ಧೈರ್ಯವನ್ನು ಅವರಿಗೂ, ಕೇಳುವ ಕಿವಿಯನ್ನು ನಮಗೂ ಅನುಗ್ರಹಿಸಿ. ಆಮೆನ್.