ಕಲ್ಪಾದ ಸೇಬಿನ ತೋಟಕ್ಕೆ ಅತ್ತೆಯವರ ಜತೆ

ಪ್ರಶ್ನೆ: ಪತಿಯ ಪೂರ್ವಿಕರ ಊರು ಹಿಮಾಚಲದ ಕಲ್ಪಾ. ಸೇಬಿನ ಕೊಯ್ಲಿಗೆ ನೆಂಟರು ಕರೆದಿದ್ದಾರೆ. ಬೆಂಗಳೂರಿನಲ್ಲಿರುವ ಅತ್ತೆಯವರಿಗೆ 66 ವರ್ಷ, ಬಿ.ಪಿ., ಸಕ್ಕರೆ ಕಾಯಿಲೆ ಇವೆ. ಕರೆದೊಯ್ಯಬಹುದೇ?

ಉತ್ತರ: ಎರಡೂ ಹತೋಟಿಯಲ್ಲಿದ್ದರೆ ಖಂಡಿತ ಕರೆದೊಯ್ಯಿರಿ. ಆದರೆ ಮೊದಲು ಅವರ ವೈದ್ಯರಿಗೆ ತೋರಿಸಿ. ನಡೆಯುವಾಗ ಎದೆನೋವು, ಏದುಸಿರು ಬರುತ್ತಿದ್ದರೆ ಹೃದಯದ ತಪಾಸಣೆ ಆಗದೆ ಟಿಕೆಟ್ ಬೇಡ. ಕಲ್ಪಾ ಸುಮಾರು 2,900 ಮೀಟರ್ ಎತ್ತರದಲ್ಲಿದೆ. ಶಿಮ್ಲಾದಲ್ಲಿ ಎರಡು ರಾತ್ರಿ ತಂಗಿ ಹೋಗಿ. ತಲುಪಿದ ಮೊದಲೆರಡು ದಿನ ಅವರು ಅಂಗಳದಲ್ಲೇ ಕೂತು ನೆಂಟರೊಡನೆ ಹರಟಲಿ, ಇಳಿಜಾರಿನ ತೋಟ ಆಮೇಲೆ. ನೆಂಟರು ಪ್ರೀತಿಯಿಂದ ಅಂಗೂರಿ ಮದ್ಯ ಕೊಟ್ಟರೆ ಬೇಡವೆಂದು ನೀವೇ ಹೇಳಿಬಿಡಿ; ಅತ್ತೆಯವರಿಗೆ ಸಂಕೋಚವಾದೀತು. ತೋಟ ಹತ್ತುವಾಗ ಸಕ್ಕರೆ ಅಂಶ ಇಳಿಯಬಹುದು, ಗ್ಲೂಕೋಸ್ ಜತೆಗಿರಲಿ. ತಲೆನೋವಿನೊಂದಿಗೆ ವಾಂತಿ, ಕೂತಲ್ಲೇ ಏದುಸಿರು, ತೂರಾಡುವ ನಡಿಗೆ ಕಂಡರೆ ಬೆಳಗಾಗಲೆಂದು ಕಾಯದೆ ಕೆಳಗೆ ರಿಕಾಂಗ್ ಪಿಯೋದ ಆಸ್ಪತ್ರೆಗೆ ಹೊರಡಿ.